ಯಾರೂ ಓದುವುದಿಲ್ಲ ಅಂತ ಬರೆದೆಯಲ್ಲ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಊರಿನ ವಿಷಯ, ನಿನ್ನ ಅಮ್ಮನ ಮಂಡಿ ನೋವು, ಅದನ್ನೆಲ್ಲ ಫೋನಿನಲ್ಲಿ ಮಾತಾಡೋಣ. ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಗೈಡ್ ಈ ಪೇಪರನ್ನು ನಮ್ಮ ಬೆಂಗಳೂರಿನ ಭೌತ ವಿಜ್ಞಾನದ ಜರ್ನಲ್ 'ಪ್ರಮಾಣ'ಕ್ಕೆ ಕಳಿಸು ಅನ್ನುತ್ತಿದ್ದಾರೆ, ಅಲ್ಲಿ ಬಂದರೆ ಯಾರೂ ಓದುವುದಿಲ್ಲ, ಇಷ್ಟು ವರ್ಷದ ಕೆಲಸ ಹೂತು ಹಾಕಿದ ಹಾಗೆ ಅಂತ. ಅಷ್ಟು ಬರೆದು ಸಹಿ ಹಾಕಿಬಿಟ್ಟಿದ್ದೀಯ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹೊರದೇಶದ ಜರ್ನಲ್‌ನವರು ವಾಪಸ್ ಕಳಿಸಿದರು ಅನ್ನುವುದಕ್ಕಲ್ಲ, ಅದು ಎಲ್ಲರಿಗೂ ಆಗುತ್ತದೆ. ಓದುವವರೇ ಇಲ್ಲ ಅನ್ನುವ ಭಯ ಇಷ್ಟು ಚಿಕ್ಕ ವಯಸ್ಸಿಗೇ ನಿನ್ನೊಳಗೆ ಹೊಕ್ಕಿತಲ್ಲ, ಅದಕ್ಕೆ.

ಆ ಭಯ ಸುಳ್ಳು ಅಂತ ನಾನು ಹೇಳಲಾರೆ. ಹೇಳಿದರೆ ನೀನು ನಂಬುವುದೂ ಇಲ್ಲ. ಆದರೆ ಅದು ಹೊಸದಲ್ಲ ಪುಟ್ಟಿ. ನೀನು ಬೇಡ ಅನ್ನುತ್ತಿರುವ ಆ ಜರ್ನಲ್‌ನ ಹಿಂದಿರುವ ಸಂಸ್ಥೆ ಹುಟ್ಟಿದ್ದೇ ಇಂಥದೊಂದು ಚಿಂತೆಯಿಂದ. ಸಿ.ವಿ. ರಾಮನ್ 1933ರಲ್ಲಿ ಕಲ್ಕತ್ತ ಬಿಟ್ಟು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ, ನಿರ್ದೇಶಕರಾಗಿ ಬಂದರು. ಅವರಿಗಿದ್ದ ಸಂಕಟ ಒಂದೇ. ಇಲ್ಲಿ ಕೂತು ಮಾಡಿದ ಒಳ್ಳೆಯ ಕೆಲಸವೆಲ್ಲ ಹೊರದೇಶದ ಪತ್ರಿಕೆಗಳಲ್ಲಿ ಚದುರಿ ಹೋಗುತ್ತಿದೆ, ನಮ್ಮದು ಅಂತ ತೋರಿಸಲು ಒಂದು ಕಡೆ ಇಲ್ಲ. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಶುರು ಮಾಡಿದರು. ಮೊದಲಿಗೆ 65 ಜನ ಫೆಲೋಗಳು, ಅಂದರೆ ಆಯ್ದ ಸದಸ್ಯರು. ಉದ್ಘಾಟನೆ ಆದದ್ದು ಜುಲೈ 31ಕ್ಕೆ. 'ಪ್ರೊಸೀಡಿಂಗ್ಸ್' ಅನ್ನುವ ಜರ್ನಲ್‌ನ ಮೊದಲ ಸಂಚಿಕೆಯೂ ಅದೇ ಜುಲೈ ತಿಂಗಳದ್ದು. ಕಟ್ಟಡಕ್ಕೂ ಮೊದಲು ಜರ್ನಲ್! ನನಗೆ ಇದು ಯಾವಾಗಲೂ ದೊಡ್ಡ ವಿಷಯವಾಗಿ ಕಾಣುತ್ತದೆ. ಮುಂದಿನ ವರ್ಷವೇ ಅದನ್ನು ಭೌತ ವಿಜ್ಞಾನಕ್ಕೆ ಎ, ಜೀವ ವಿಜ್ಞಾನಕ್ಕೆ ಬಿ ಅಂತ ಎರಡು ಭಾಗ ಮಾಡಿದರು.

ಅದೇ ಕಾಲದಲ್ಲಿ ಕಲ್ಕತ್ತದಲ್ಲಿ ಒಂದು, ಅಲಹಾಬಾದಿನಲ್ಲಿ ಒಂದು ಅಂತ ಬೇರೆ ಸಂಘಗಳೂ ಇದ್ದವು. ದೇಶಕ್ಕೆಲ್ಲ ಯಾವುದು ಮುಖ್ಯ ಅನ್ನುವ ಜಗಳ ದೊಡ್ಡದಾಗಿಯೇ ನಡೆಯಿತು. ಅದನ್ನು ಬಿಡು. ರಾಮನ್ 1970ರಲ್ಲಿ ತೀರಿಕೊಳ್ಳುವವರೆಗೂ ಈ ಅಕಾಡೆಮಿಗೆ ಅವರೇ ಅಧ್ಯಕ್ಷರು. ತಮ್ಮ ಕೆಲಸವನ್ನೂ ಇಲ್ಲೇ ಹಾಕಿದರು. ನಾಗೇಂದ್ರನಾಥ್ ಜೊತೆ ಮಾಡಿದ, ಶಬ್ದದ ಅಲೆಯಿಂದ ಬೆಳಕು ಚದುರುವ ಕೆಲಸ ಬಂದದ್ದು ಇದರಲ್ಲೇ, 1935 ಮತ್ತು 1936ರಲ್ಲಿ. ರಾಮನ್–ನಾಥ್ ಅಂತ ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇದೆ, ಅಲ್ವಾ?

ಆದರೆ ರಾಮನ್ ಹೆಸರು ಹೇಳಿದರೆ ನಿನಗೆ ಸಮಾಧಾನ ಆಗುವುದಿಲ್ಲ ಅಂತ ಗೊತ್ತು. ಅವರು ಎಲ್ಲಿ ಬರೆದರೂ ಜನ ಓದುತ್ತಿದ್ದರು. ನಿನ್ನ ಪ್ರಶ್ನೆ, ಹೆಸರೇ ಇಲ್ಲದ ಹುಡುಗಿ ಬರೆದರೆ ಏನು ಗತಿ ಅಂತ. ಅದಕ್ಕೆ ಪಂಚರತ್ನಂ ಅವರ ವಿಷಯ ಹೇಳುತ್ತೇನೆ. ಅವರ ಹೆಸರು ಕೇಳಿರುತ್ತೀಯ, ಆ ಲೇಖನ ಎಲ್ಲಿ ಬಂದಿತ್ತು ಅಂತ ನೋಡಿರಲಿಕ್ಕಿಲ್ಲ.

1956. ಅವರಿಗೆ 22 ವರ್ಷ. ರಾಮನ್ ಅವರ ಸೋದರಳಿಯ, ರಾಮನ್ ಇನ್‌ಸ್ಟಿಟ್ಯೂಟಿನಲ್ಲೇ ಕೆಲಸ. ಹರಳುಗಳ ಮೂಲಕ ಬೆಳಕು ಹೇಗೆ ಹೋಗುತ್ತದೆ ಅಂತ ನೋಡುತ್ತಿದ್ದರು. ಬೆಳಕಿನ ಪೋಲರೈಸೇಶನ್, ಅಂದರೆ ಅದರ ಅಲೆ ಯಾವ ದಿಕ್ಕಿನಲ್ಲಿ ಹೇಗೆ ಅಲುಗುತ್ತದೆ ಅನ್ನುವುದು, ಅದರ ಒಂದೊಂದು ಸ್ಥಿತಿಗೂ ಪ್ವಾಂಕರೆ ಗೋಳ ಅನ್ನುವ ಕಲ್ಪನೆಯ ಗೋಳದ ಮೇಲೆ ಒಂದು ಚುಕ್ಕೆ ಇಡಬಹುದಲ್ಲ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಮತ್ತೆ ಮೊದಲಿನದಕ್ಕೇ ಬೆಳಕನ್ನು ತಂದರೆ ಅದು ಹೊರಟ ಹಾಗೆಯೇ ವಾಪಸ್ ಬರುವುದಿಲ್ಲ. ಅಲೆ ಸ್ವಲ್ಪ ಸರಿದಿರುತ್ತದೆ, ಫೇಸ್ ಬದಲಾಯಿತು ಅನ್ನುವುದು ಇದಕ್ಕೇ. ಎಷ್ಟು ಸರಿದಿದೆ ಅನ್ನುವುದು ಗೋಳದ ಮೇಲಿನ ಆ ತ್ರಿಕೋನದ ಘನಕೋನದಲ್ಲಿ, ಅಂದರೆ ಗೋಳದ ನಡುವಿನಿಂದ ನೋಡಿದರೆ ಅದು ಕಾಣುವ ಹರವಿನಲ್ಲಿ, ಸರಿಯಾಗಿ ಅರ್ಧ. ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆದೆ, ಬರೆಯುವಾಗ ಖುಷಿಯಾಗುತ್ತದೆ. ಲೇಖನ 'ಪ್ರೊಸೀಡಿಂಗ್ಸ್'ನ ಎ ಭಾಗದಲ್ಲಿ, 44ನೆಯ ಸಂಪುಟದಲ್ಲಿ ಅಚ್ಚಾಯಿತು.

ಆಮೇಲೆ ಏನಾಯಿತು? ಹೆಚ್ಚೇನೂ ಆಗಲಿಲ್ಲ. ಅದನ್ನೇ ನಿನಗೆ ಮುಚ್ಚಿಡದೆ ಹೇಳಬೇಕು. ಅವರು ಮೈಸೂರಿನಲ್ಲಿ ಕೆಲವು ಕಾಲ ಪಾಠ ಮಾಡಿದರು, ಆಕ್ಸ್‌ಫರ್ಡಿಗೆ ಹೋದರು, 1969ರಲ್ಲಿ ಅಲ್ಲೇ ತೀರಿಕೊಂಡರು. 35 ವರ್ಷ. 1984ರಲ್ಲಿ ಬ್ರಿಸ್ಟಲ್‌ನ ಮೈಕಲ್ ಬೆರ್ರಿ ಕ್ವಾಂಟಮ್ ಸಿದ್ಧಾಂತದಲ್ಲಿ ಇಂಥದೇ ಒಂದು ಜ್ಯಾಮಿತಿಯ ಫೇಸ್ ತೋರಿಸಿದಾಗ ಪ್ರಪಂಚವೆಲ್ಲ ತಿರುಗಿ ನೋಡಿತು. ಆಗ ಇಲ್ಲಿಂದ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಬರೆದರು, ಬೆಳಕಿನ ಮಟ್ಟಿಗೆ ಇದನ್ನು ಪಂಚರತ್ನಂ 1956ರಲ್ಲೇ ತೋರಿಸಿದ್ದಾರೆ ಅಂತ. ಮರುವರ್ಷ ಬೆರ್ರಿಯವರೇ ಅದನ್ನು ಒಪ್ಪಿ ಬರೆದರು. ಈಗ ಚಪ್ಪಟೆ ಲೆನ್ಸ್ ಮಾಡುವವರೆಲ್ಲ ಪಂಚರತ್ನಂ–ಬೆರ್ರಿ ಫೇಸ್ ಅನ್ನುತ್ತಾರೆ.

ಮೂವತ್ತು ವರ್ಷ. ಅಷ್ಟು ಕಾಲ ನಿನ್ನ ಭಯ ನಿಜವೇ ಆಗಿತ್ತು ಅನ್ನಬಹುದು. ಪಂಚರತ್ನಂ ಬದುಕಿದ್ದಾಗ ಈ ಮೆಚ್ಚುಗೆ ಅವರ ಕಿವಿಗೆ ಬೀಳಲಿಲ್ಲ, ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಅವರ ಲೇಖನ ನೆನಪಿಟ್ಟವರು ಅದೇ ಬೆಂಗಳೂರಿನಲ್ಲಿ, ಹತ್ತಿರದವರೇ ಇದ್ದರು, ನನಗೆ ಯಾರಿದ್ದಾರೆ ಅಂತಲೂ ನೀನು ಕೇಳಬಹುದು. ಕೇಳುವುದು ಸರಿಯೇ. ಆದರೆ ನೆನಪಿದ್ದರೆ ಸಾಲದು ಪುಟ್ಟಿ. ಪುಟದ ಸಂಖ್ಯೆ ಸಮೇತ ತೆಗೆದು ಬೆರ್ರಿಯವರ ಮುಂದಿಡಲು ಆ ಸಂಪುಟ ಕಪಾಟಿನಲ್ಲಿ ಇತ್ತು. ಅಚ್ಚಾಗದೆ ಇದ್ದಿದ್ದರೆ ಯಾರಿಗೆ ಏನು ತೋರಿಸುತ್ತಿದ್ದರು?

ಇದನ್ನು ನಾನು ಇಷ್ಟು ಹಟ ಹಿಡಿದು ಯಾಕೆ ಹೇಳುತ್ತೇನೆ ಅಂತ ನಿನ್ನ ಅಪ್ಪನಿಗೆ ಗೊತ್ತು. ನಾನು ಲ್ಯಾಬ್ ಬಿಟ್ಟು ಹಾಸನಕ್ಕೆ ಪಾಠ ಮಾಡಲು ಬಂದ ಕತೆ ನಿನಗೂ ಗೊತ್ತು. ಗೊತ್ತಿಲ್ಲದ್ದು ಅದಕ್ಕೆ ಮುಂಚಿನದು. ಹರಳುಗಳ ಮೇಲೆ ನಾನೂ ಅಳತೆ ತೆಗೆದಿದ್ದೆ. ರಾತ್ರಿ ಹೊತ್ತು, ಕರೆಂಟ್ ಏರಿಳಿತ ಕಡಿಮೆ ಇದ್ದಾಗ. ಬರೆದು ಕೊಟ್ಟಾಗ ನನ್ನ ಗೈಡ್, ಇದು ಒಳ್ಳೆಯದಿದೆ, ಇಲ್ಲಿಗೆ ಬೇಡ, ಇಂಗ್ಲೆಂಡಿಗೆ ಕಳಿಸೋಣ, ಇನ್ನಷ್ಟು ಅಳತೆ ಆಗಲಿ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಮೇಲೆ ಉಪಕರಣ ಕೆಟ್ಟಿತು, ಬಿಡಿಭಾಗ ಬರಲಿಲ್ಲ, ಅಷ್ಟರಲ್ಲಿ ನಮ್ಮಪ್ಪನಿಗೆ ಹುಷಾರು ತಪ್ಪಿತು. ಅದು ಹಾಗೇ ಉಳಿಯಿತು. ನೋಟ್‌ಬುಕ್ಕುಗಳು ಅಟ್ಟದ ಮೇಲಿದ್ದವು, ಗೆದ್ದಲು ಹಿಡಿಯಿತು. ನನ್ನದೇನು ಮಹಾ ಕೆಲಸ ಅಂತ ಹೇಳುತ್ತಿಲ್ಲ. ಆದರೆ ಆ ಅಂಕಿಗಳು ಸರಿ ಇದ್ದವು. ಆ ಹರಳಿನ ಮೇಲೆ ಯಾರಾದರೂ ಮತ್ತೆ ಅಳತೆ ತೆಗೆದರೆ, ಒಬ್ಬ ಇದನ್ನು ಮುಂಚೆಯೇ ನೋಡಿದ್ದ ಅಂತ ತಿಳಿಯಲು ದಾರಿಯೇ ಇಲ್ಲ. ನೀನು ಹೂತು ಹಾಕುವುದು ಅಂತ ಬರೆದೆಯಲ್ಲ, ಅದು ಇದು.

ನೌಕರಿಯ ಮಾತು ಬೇರೆ. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ, ಅದನ್ನು ನೋಡಿಯೇ ಪಿಎಚ್‌ಡಿ ಮುಗಿದ ಮೇಲಿನ ಪೋಸ್ಟ್‌ಡಾಕ್ ಕೆಲಸ ಕೊಡುತ್ತಾರೆ ಅಂತ ನೀನು ಹೇಳಿದರೆ ನಾನು ವಾದ ಮಾಡುವುದಿಲ್ಲ. ಇವತ್ತಿನ ಆಯ್ಕೆ ಸಮಿತಿಗಳ ವಿಷಯ ನಿನ್ನ ಗೈಡನ್ನೇ ನೇರವಾಗಿ ಕೇಳು, ಸಂಕೋಚ ಪಡಬೇಡ. ಬೇರೆ ಕಡೆ ಕಳಿಸಲೇಬೇಕು ಅನ್ನಿಸಿದರೆ ಕಳಿಸು, ನನಗೇನೂ ಬೇಜಾರಿಲ್ಲ. ಕಾಯುತ್ತಾ ಮಾತ್ರ ಇಟ್ಟುಕೊಳ್ಳಬೇಡ.

ಇನ್ನೊಂದು ಮಾತು. 1928ರಲ್ಲಿ ರಾಮನ್, ಆಮೇಲೆ ರಾಮನ್ ಪರಿಣಾಮ ಅಂತ ಹೆಸರಾದ ತಮ್ಮ ಹೊಸ ಬೆಳಕಿನ ವಿಷಯ ಹೇಳಿದ್ದು ಬೆಂಗಳೂರಿನ ಭಾಷಣದಲ್ಲಿ, ಮಾರ್ಚ್ 16ಕ್ಕೆ. ಅದು ಅಚ್ಚಾದದ್ದು ಕಲ್ಕತ್ತದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ. ಆಗ ಅದಕ್ಕೆ ವಯಸ್ಸು ಎರಡೇ ವರ್ಷ. ಅಲ್ಲಿ ಹಾಕಿ ಸುಮ್ನೆ ಕೂರಲಿಲ್ಲ. ಲೇಖನದ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 'ನೇಚರ್'ಗೂ ಚಿಕ್ಕ ಟಿಪ್ಪಣಿ ಕಳಿಸಿದ್ದರು. ಎರಡೇ ವರ್ಷಕ್ಕೆ ನೊಬೆಲ್ ಬಂತು. ಓದುವವರು ತಾವಾಗಿ ಬರುತ್ತಾರೆ ಅಂತ ಅವರೂ ನಂಬಿರಲಿಲ್ಲ ನೋಡು. ನಿನಗೆ ಅಂಚೆ ಖರ್ಚೂ ಇಲ್ಲ. ಅಕಾಡೆಮಿಯವರ ಹಳೆಯ ಸಂಪುಟಗಳೆಲ್ಲ ಈಗ ಪುಕ್ಕಟೆ ಓದಲು ಸಿಗುತ್ತವೆ, 'ಪ್ರಮಾಣ' 1973ರಲ್ಲಿ ಶುರುವಾದಾಗಿನಿಂದ ಬಂದ ಲೇಖನಗಳೂ ಇವೆ. ನಿನ್ನದನ್ನು ಆರ್‌ಕೈವ್ ಅನ್ನುವ, ಲೇಖನಗಳನ್ನು ಪುಕ್ಕಟೆ ಓದಲು ಇಡುವ ಜಾಲತಾಣದಲ್ಲೂ ಹಾಕು. ಈ ಕೆಲಸ ಮಾಡುವ ಹತ್ತಾರು ಜನಕ್ಕೆ ಎರಡು ಸಾಲು ಬರೆದು ಪಿಡಿಎಫ್ ಕಳಿಸು. ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತದೆ ಅಂತ ನೀನು ಹೇಳುತ್ತೀಯ, ನಿನ್ನ ಸ್ವಭಾವ ಗೊತ್ತು. ಹಾಗಲ್ಲ. ಮತ್ತೆ, ಸಾರಾಂಶದಲ್ಲಿ ಮುಖ್ಯ ಫಲಿತಾಂಶ ಮೊದಲ ಸಾಲಿಗೇ ಬರಲಿ. ಇದನ್ನೆಲ್ಲ ಹೇಳಲು ನಾನು ಯಾರು ಅನ್ನಿಸುತ್ತದೆ, ಆದರೂ ಹೇಳುತ್ತೇನೆ.

ಯಾರೂ ಓದದಿದ್ದರೆ ಅಂತ ನೀನು ಮತ್ತೆ ಕೇಳುತ್ತೀಯ. ಪರೀಕ್ಷಕರಿಗೆ ಹೋದರೆ ಅವರಂತೂ ಓದುತ್ತಾರೆ. ನಾನು ಓದುತ್ತೇನೆ. ಪ್ರೂಫ್ ಬಂದಾಗ ನನಗೂ ಒಂದು ಪ್ರತಿ ಕಳಿಸು. ಸಮೀಕರಣ ಎಲ್ಲಾ ಅರ್ಥವಾಗಲಿಕ್ಕಿಲ್ಲ, ಪಟ್ಟಿಯ ಅಂಕಿಗಳನ್ನು, ಪುಟ ಸಂಖ್ಯೆಗಳನ್ನು ಕೂತು ನೋಡಿಕೊಡುತ್ತೇನೆ.

ಸೋಮವಾರ ಗೈಡ್‌ಗೆ ಉತ್ತರ ಹೇಳಬೇಕು ಅಂತ ಬರೆದಿದ್ದೀಯ. ಅದಕ್ಕೆ ಮುಂಚೆ ಒಂದು ಸಲ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ಇತಿ,
ನಿನ್ನ ದೊಡ್ಡಪ್ಪ