ಅಂಚಿನಲ್ಲಿ ಬರೆದ ಆ ಸಾಲು

ಲಾನಿಯೋನ್, ಬ್ರಿಟನಿ, ಫ್ರಾನ್ಸ್
ಮೇ 26, ಸೋಮವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ಸುಮಾಳ ನಮಸ್ಕಾರಗಳು. ನಾನು ಕ್ಷೇಮ. ಅಜ್ಜಿಗೆ, ಚಿಕ್ಕಮ್ಮನಿಗೆ, ರಾಘುವಿಗೆ ಕೇಳಿದೆನೆಂದು ಹೇಳು. ನಿನ್ನ ಪತ್ರ ಶನಿವಾರ ಕೈಸೇರಿತು.

ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ನನ್ನ ನಡಿಗೆಯ ಮೇಲೇ ಇದೆ. ಗೊತ್ತುಗುರಿ ಇಲ್ಲದ ಊರಿನಲ್ಲಿ, ಕಾಡು ಕಡಲು ಎನ್ನದೆ ಹೆಣ್ಣುಮಗಳೊಬ್ಬಳೇ ಅಲೆಯುವುದು ಸರಿಯೇ ಎಂದು ಕೇಳಿದ್ದೀಯ. ಉತ್ತರ ಬರೆಯುತ್ತೇನೆ. ಆದರೆ ನಿನ್ನ ಸಹಿಯೂ ಮುಗಿದ ಮೇಲೆ, ಕಾಗದದ ಎಡ ಅಂಚಿನಲ್ಲಿ ಅಡ್ಡಲಾಗಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದೀಯಲ್ಲ: "ಅಪ್ಪಯ್ಯನ ಬಲಗಾಲಿನ ಹೆಬ್ಬೆರಳ ಕೆಳಗಿನ ಗಾಯ ಇನ್ನೂ ಒಣಗಿಲ್ಲ, ಆದರೆ ನೋವೇನೂ ಇಲ್ಲವಂತೆ, ನೀನು ಚಿಂತೆ ಮಾಡಬೇಡ." ಎರಡು ದಿನದಿಂದ ನನ್ನ ತಲೆಯಲ್ಲಿ ಆ ಸಾಲು ಬಿಟ್ಟರೆ ಬೇರೇನೂ ಇಲ್ಲ. ಫೋನಿನಲ್ಲಿ ನೀನು ಇದನ್ನು ಯಾಕೆ ಹೇಳಲಿಲ್ಲವೆಂದು ಗೊತ್ತು. ಅಪ್ಪಯ್ಯ ಪಕ್ಕದಲ್ಲೇ ಕುಳಿತಿರುತ್ತಾರೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಅಂಚೆಯಲ್ಲಿ ಇದು ಬರಲು ಎರಡು ವಾರ ಬೇಕು. ಆದ್ದರಿಂದ ಪುಟಗಳ ಫೋಟೊ ತೆಗೆದು ಈ ರಾತ್ರಿಯೇ ರಾಘುವಿನ ಮೊಬೈಲಿಗೆ ಕಳುಹಿಸುತ್ತೇನೆ. ಅವನು ನಿನಗೆ ಓದಿ ಹೇಳಲಿ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ನಿನ್ನ ಮನಸ್ಸು ಹಗುರವಾದರೆ ನನ್ನ ಮಾತಿಗೆ ಕಿವಿಗೊಡುತ್ತೀಯ.

ನಾನು ನಡೆಯುವುದು ಕಾಡುದಾರಿಯಲ್ಲ ಅಮ್ಮ. ಇಲ್ಲಿ ಪ್ರತಿಯೊಂದು ಊರಿಗೂ ಸುತ್ತುದಾರಿಗಳಿವೆ. ಚರ್ಚಿನ ಎದುರೋ ಸಮುದ್ರದ ದಂಡೆಯಲ್ಲೋ ಹೊರಟು, ಎರಡು ಮೂರು ಗಂಟೆ ನಡೆದು, ಹೊರಟ ಜಾಗಕ್ಕೇ ಬಂದು ಮುಟ್ಟುತ್ತೇವೆ. ಮರದ ಕಾಂಡ, ಬಂಡೆ, ವಿದ್ಯುತ್ ಕಂಬ, ಎಲ್ಲೆಂದರಲ್ಲಿ ಕೈಯಗಲದ ಹಳದಿ ಪಟ್ಟಿ ಬಳಿದಿರುತ್ತಾರೆ. ಪಟ್ಟಿ ನೆಟ್ಟಗಿದ್ದರೆ ಮುಂದೆ ಹೋಗಬೇಕು, ಮಡಿಚಿದ್ದರೆ ತಿರುಗಬೇಕು, ಗುಣಾಕಾರದ ಗುರುತಿದ್ದರೆ ಅದು ನಮ್ಮ ದಾರಿಯಲ್ಲ. ಒಂದು ಅಕ್ಷರ ಫ್ರೆಂಚ್ ಬಾರದವರೂ ದಾರಿ ತಪ್ಪುವುದಿಲ್ಲ. ಕಡಲಂಚಿನ ದೊಡ್ಡ ದಾರಿಗೆ ಬಿಳಿ ಮತ್ತು ಕೆಂಪು ಗುರುತು. ಅದು ಮೋಂ ಸಾಂ ಮಿಶೆಲ್‌ನಿಂದ ಹೊರಟು ಇಡೀ ಬ್ರಿಟನಿಯ ಅಂಚನ್ನು ಬಳಸಿ ಸುಮಾರು 2000 ಕಿಲೋಮೀಟರ್ ಹೋಗುತ್ತದೆ. ಉಪ್ಪು, ಹೊಗೆಸೊಪ್ಪು ಕದ್ದು ಸಾಗಿಸುವವರನ್ನು ಹಿಡಿಯಲು ಸುಂಕದವರು ರಾತ್ರಿ ಹಗಲು ಗಸ್ತು ತಿರುಗಿದ ದಾರಿ ಅದು. ಈಗಲೂ 'ಸುಂಕದವರ ದಾರಿ' ಎಂದೇ ಹೆಸರು. ಅಪ್ಪಯ್ಯನಿಗೆ ಇದೊಂದು ವಿಷಯ ಹೇಳು, ಖುಷಿಪಡುತ್ತಾರೆ: 1976ರಲ್ಲಿ ಇಲ್ಲಿ ಒಂದು ಕಾನೂನು ಬಂತು. ಕಡಲ ದಂಡೆಯ ಜಮೀನು ಯಾರದ್ದೇ ಆಗಿರಲಿ, ನೀರಿನಂಚಿನಲ್ಲಿ ಮೂರು ಮೀಟರ್ ಅಗಲ ನಡೆಯುವವರಿಗೆ ಬಿಡಬೇಕು. ದೊಡ್ಡ ದೊಡ್ಡ ಶ್ರೀಮಂತರ ಬಂಗಲೆಗಳ ಬೇಲಿಯ ಹೊರಗೆ ನಾನು ತಲೆಯೆತ್ತಿ ನಡೆದು ಹೋಗಬಹುದು. ಮರವಂತೆಯ ಕಡಲಿಗೂ ಇಂಥದ್ದೊಂದು ಬೇಕು.

ಸಂಜೆಯ ಕತ್ತಲೆಯ ಭಯವೂ ನಿನಗೆ ಬೇಡ. ಈಗ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ. ಉಬ್ಬರ ಇಳಿತ ಮಾತ್ರ ಜೋರು. ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಎಂಟೊಂಬತ್ತು ಮೀಟರ್ ಏರಿ ಇಳಿಯುತ್ತದೆ. ನಮ್ಮ ಕಡೆ ಎರಡು ಮೀಟರೂ ಏರದು. ಬೆಳಿಗ್ಗೆ ಮರಳ ಮೇಲೆ ಓರೆಯಾಗಿ ಮಲಗಿದ್ದ ದೋಣಿಗಳು ಮಧ್ಯಾಹ್ನ ತೇಲುತ್ತಿರುತ್ತವೆ. ಅದಕ್ಕೂ ವೇಳಾಪಟ್ಟಿ ಇದೆ, ನನ್ನ ಚೀಲದಲ್ಲೇ ಇರುತ್ತದೆ. ನೀರು ಏರುವ ಹೊತ್ತಿಗೆ ನಾನು ಮರಳಿಗೆ ಇಳಿಯುವುದೇ ಇಲ್ಲ. ಇಷ್ಟಕ್ಕೂ ನಾನು ಒಬ್ಬಳೇ ಹೋಗುವುದು ಕಡಿಮೆ. ಕೆಳಗಿನ ಮನೆಯ ಆನಿಕ್ ಜೊತೆಗಿರುತ್ತಾರೆ. ಅವರಿಗೆ 74 ವರ್ಷ, ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುತ್ತಾರೆ.

ನಿನ್ನೆ ಭಾನುವಾರ ಇಬ್ಬರೂ ಪೆರೋಸ್-ಗಿರೆಕ್‌ನ ಸುತ್ತು ಹೋಗಿದ್ದೆವು. ಅಲ್ಲಿಂದ ಪ್ಲುಮನಾಕ್ ಎಂಬ ಊರಿನವರೆಗೆ ಕಡಲಂಚಿನ ಬಂಡೆಗಳೆಲ್ಲ ಗುಲಾಬಿ ಬಣ್ಣದವು. ಸುಮಾರು ಮೂವತ್ತು ಕೋಟಿ ವರ್ಷ ಹಳೆಯ ಗ್ರಾನೈಟ್. ಮಳೆ ಬಿದ್ದು ಬಿಸಿಲು ಬಂದರೆ ಒದ್ದೆ ಬಂಡೆ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿನ ದೀಪಸ್ತಂಭವನ್ನು 1944ರಲ್ಲಿ ಜರ್ಮನರು ಸಿಡಿಸಿಹಾಕಿದ್ದರಂತೆ. ಯುದ್ಧ ಮುಗಿದ ಮೇಲೆ ಇವರು ಈ ಗುಲಾಬಿ ಕಲ್ಲಿನಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ದಾರಿ ಕಡಲನ್ನು ಬಿಟ್ಟು ಟ್ರಾವಿಯೆರೊ ಎಂಬ ಕಣಿವೆಗೆ ಇಳಿಯುತ್ತದೆ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ, ಅವುಗಳ ಅಡಿಯಲ್ಲಿ ತೊರೆ ಹರಿಯುವ ಸದ್ದು ಕೇಳುತ್ತದೆ, ನೀರು ಮಾತ್ರ ಕಾಣುವುದಿಲ್ಲ. ಕಲ್ಲಿನ ಮೇಲೆ ಪಾಚಿ, ಜರಿಗಿಡ, ಆ ತಣ್ಣನೆಯ ಮಣ್ಣಿನ ವಾಸನೆ. ಕೊಲ್ಲೂರಿನ ಕಾಡು ನೆನಪಾಗಿ ಐದು ನಿಮಿಷ ಮಾತೇ ಬರಲಿಲ್ಲ.

ಮೇಲೆ ಹತ್ತಿದರೆ ಹಳ್ಳಿಗಳು. ಹೂಕೋಸಿನ ಗದ್ದೆ, ಎತ್ತರದ ಮಣ್ಣಿನ ದಿಬ್ಬಗಳ ನಡುವೆ ಓಣಿ, ಓಣಿಯ ತುದಿಗೆ ಮೂರು ನಾಲ್ಕು ಮನೆ. ಅಂಥ ಮನೆಗಳ ಗುಂಪಿಗೆ ಬ್ರೆಟನ್ ಭಾಷೆಯಲ್ಲಿ 'ಕೇರ್' ಎನ್ನುತ್ತಾರೆ. ಎಷ್ಟೋ ಊರುಗಳ ಹೆಸರು ಕೇರ್ ಎಂದೇ ಶುರುವಾಗುತ್ತದೆ. ನಮ್ಮ ಕೇರಿಗೂ ಅದಕ್ಕೂ ಕಿವಿಯ ನಂಟು ಬಿಟ್ಟರೆ ಬೇರೆ ನಂಟಿಲ್ಲ, ಆದರೂ ಫಲಕ ಕಂಡಾಗಲೆಲ್ಲ ನನಗೆ ಹಿತವಾಗುತ್ತದೆ.

ಅಂಥದ್ದೇ ಒಂದು ಓಣಿಯ ಪಕ್ಕದಲ್ಲಿ ಹಳೆಯ ಬಟ್ಟೆ ಒಗೆಯುವ ಕೊಳ ಇದೆ. ನಮ್ಮ ಕೆರೆಯ ಮೆಟ್ಟಿಲಿನ ಹಾಗೆ ಸುತ್ತಲೂ ಓರೆ ಕಲ್ಲು ಹಾಸಿದ್ದಾರೆ, ಈಗ ಯಾರೂ ಒಗೆಯುವುದಿಲ್ಲ. ಅಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಆನಿಕ್ ಎಂದಿನಂತೆ ಮೊದಲು ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಎರಡೂ ಪಾದಗಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡರು. ಬೊಕ್ಕೆ ಎದ್ದಿದೆಯೇ, ಉಣುಗು ಕಚ್ಚಿದೆಯೇ ಎಂದು. ನನಗೂ ಹಾಗೇ ಮಾಡಿಸುತ್ತಾರೆ. ಅವರ ಬೆರಳು ಅಂಗಾಲಿನ ಮೇಲೆ ಓಡಾಡುವುದನ್ನು ನೋಡುತ್ತಿದ್ದಂತೆ ನನಗೆ ತಡೆಯಲಾಗದೆ ನಿನ್ನ ಆ ಸಾಲನ್ನು ಹೇಳಿಬಿಟ್ಟೆ. ಅವರು ಮೂವತ್ತು ವರ್ಷ ಇದೇ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸ್.

ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಹದಿನಾಲ್ಕು ಎಂದೆ. ಗಾಯ ಎಂದಿನಿಂದ ಎಂದರು. ಯುಗಾದಿಯ ಹಿಂದಿನ ದಿನ ತೋಟದಲ್ಲಿ ಮುಳ್ಳು ಚುಚ್ಚಿದ್ದು, ಎರಡು ತಿಂಗಳಾಯಿತು ಎಂದೆ. ನೋವಿದೆಯೇ ಎಂದರು. ಇಲ್ಲವಂತೆ, ಅದೊಂದೇ ಸಮಾಧಾನ ಎಂದೆ. ಅಮ್ಮ, ಅವರು ಕೈಯಲ್ಲಿದ್ದ ಬ್ರೆಡ್ಡನ್ನು ಕಲ್ಲಿನ ಮೇಲೆ ಇಟ್ಟರು. "ನೋವಿದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ" ಎಂದರು.

ಇನ್ನು ಮುಂದಿನದನ್ನು ರಾಘು ಅಪ್ಪಯ್ಯನ ಎದುರಿಗೇ ಓದಲಿ.

ಅಪ್ಪಯ್ಯ, ನಿಮಗೆ ಸಾಷ್ಟಾಂಗ ನಮಸ್ಕಾರ. ಅಮ್ಮ ನನಗೆ ಹೇಳಿದಳೆಂದು ಅವಳ ಮೇಲೆ ಸಿಟ್ಟು ಮಾಡಬೇಡಿ. ಸಕ್ಕರೆ ಬಹಳ ವರ್ಷ ಮೈಯಲ್ಲಿದ್ದರೆ ಮೊದಲು ಅಂಗಾಲಿನ ನರಗಳು ಜಡವಾಗುತ್ತವೆ. ಚುಚ್ಚಿದ್ದು, ಸುಟ್ಟದ್ದು, ಕೀವಾದದ್ದು ಗೊತ್ತಾಗುವುದಿಲ್ಲ. ನಿಮಗೆ ನೋವಿಲ್ಲದಿರುವುದು ಗಾಯ ವಾಸಿಯಾಗುತ್ತಿದೆ ಎಂದಲ್ಲ, ಗಾಯದ ಸುದ್ದಿ ನಿಮಗೆ ಮುಟ್ಟುತ್ತಿಲ್ಲ ಎಂದು. ಕಾಲಿಗೆ ರಕ್ತ ಹರಿಯುವುದೂ ಕಡಿಮೆಯಾಗಿದ್ದರೆ ಮುಲಾಮು ಎಷ್ಟು ಹಚ್ಚಿದರೂ ಒಣಗದು. ಮೇಲೆ ಸಣ್ಣ ತೂತು ಕಾಣುತ್ತದೆ, ಒಳಗೆ ಎಲುಬಿನವರೆಗೆ ಹೋಗಿರಬಹುದು. ಆಸ್ಪತ್ರೆಯಲ್ಲಿ ಪರೀಕ್ಷಿಸಿ ಎಕ್ಸ್‌ರೇ ತೆಗೆಯದೆ ಗೊತ್ತಾಗದು. ಪೇಟೆಯ ಡಾಕ್ಟರು ಮೂರು ಸಲ ಮುಲಾಮು ಬದಲಿಸಿದ್ದಾರಂತೆ. ಅವರು ನಮ್ಮ ಮನೆಗೆ ಬೇಕಾದವರು, ನನಗೂ ಗೌರವವಿದೆ. ಆದರೆ ಇದು ಮುಲಾಮಿನ ಕೆಲಸವಲ್ಲ. ಬುಧವಾರ ಬೆಳಿಗ್ಗೆ ರಾಘುವಿನ ಜೊತೆ ಮಣಿಪಾಲಕ್ಕೆ ಹೊರಡಿ. ಅವನು ರಜೆ ಹಾಕಿದ್ದಾನೆ, ನಾನೇ ನಿನ್ನೆ ರಾತ್ರಿ ಹೇಳಿದೆ.

ಮಳೆ ಹಿಡಿಯಲು ಇನ್ನು ಎಷ್ಟು ದಿನ ಅಪ್ಪಯ್ಯ? ನಾಟಿ ಶುರುವಾದರೆ ನೀವು ಮನೆಯಲ್ಲಿ ಕೂರುವವರಲ್ಲ. ಗದ್ದೆಗೆ ಚಪ್ಪಲಿ ಹಾಕಿಕೊಂಡು ಇಳಿಯುವುದು ಭೂಮಿತಾಯಿಗೆ ಅಪಚಾರ ಎಂದು ನನ್ನನ್ನು ಸಣ್ಣವಳಿದ್ದಾಗ ಗದರಿದ್ದೀರಿ. ಆ ಮಾತು ನನಗೆ ಇಂದಿಗೂ ದೊಡ್ಡದು. ಆದರೆ ತೆರೆದ ಗಾಯದೊಂದಿಗೆ ಕೆಸರಿಗೆ ಇಳಿಯಬೇಡಿ. ಈ ಒಂದು ವರ್ಷ ಗದ್ದೆಯನ್ನು ಶೀನನಿಗೆ ಬಿಡಿ. ಅಂಚಿನ ಮೇಲೆ ಕುರ್ಚಿ ಹಾಕಿ ಕುಳಿತು ಹೇಳಿ, ಅವನು ಮಾಡುತ್ತಾನೆ. ನಿಮ್ಮ ಹಿಂದೆ ಗದ್ದೆಯಂಚಿನ ಹುಣಿಯ ಮೇಲೆ ಓಡೋಡಿ ಬಂದೇ ನಾನು ನಡೆಯಲು ಕಲಿತದ್ದು. ಇಲ್ಲಿ ಎಲ್ಲರೂ ನನ್ನ ನಡಿಗೆ ಚೆನ್ನಾಗಿದೆ ಎನ್ನುತ್ತಾರೆ. ಮುಂದಿನ ವರ್ಷ ನಿಮ್ಮನ್ನು ಇಲ್ಲಿಗೆ ಕರೆಸಿ ಆ ಗುಲಾಬಿ ಬಂಡೆಗಳ ದಾರಿಯಲ್ಲಿ ನಡೆಸಬೇಕೆಂದಿದ್ದೇನೆ. ಅದಕ್ಕೆ ನಿಮ್ಮ ಎರಡೂ ಕಾಲು ಬೇಕು.

ಅಮ್ಮ, ಮತ್ತೆ ನಿನಗೆ. ಆನಿಕ್ ಹೇಳಿದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ದಿನಾ ರಾತ್ರಿ ಅಪ್ಪಯ್ಯನ ಎರಡೂ ಅಂಗಾಲು, ಬೆರಳ ಸಂದಿ ನೀನೇ ಬೆಳಕಿನಲ್ಲಿ ನೋಡು. ನೀನಿಲ್ಲದ ದಿನ ಅವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ. ಬಿಸಿನೀರಿನಲ್ಲಿ ಕಾಲು ಅದ್ದಿಸಬೇಡ, ಸುಟ್ಟರೂ ತಿಳಿಯುವುದಿಲ್ಲ. ಅರಿಶಿನ, ಸೊಪ್ಪಿನ ರಸ, ಅಜ್ಜಿಯ ಎಣ್ಣೆ ಯಾವುದೂ ಈಗ ಬೇಡ, ಅಜ್ಜಿ ಬೇಸರಿಸಿಕೊಂಡರೆ ನನ್ನ ಮೇಲೆ ಹಾಕು. ಆ ಕಾಲಿನ ಮೇಲೆ ಭಾರ ಬೀಳಬಾರದು, ಮನೆಯೊಳಗೂ ಬರಿಗಾಲು ಬೇಡ. ಕಾಲು ಕೆಂಪಾದರೆ, ಬಿಸಿಯಾದರೆ, ವಾಸನೆ ಬಂದರೆ, ಸುತ್ತಲಿನ ಚರ್ಮ ಕಪ್ಪಾದರೆ, ಜ್ವರ ಬಂದರೆ ಬುಧವಾರದವರೆಗೂ ಕಾಯಬೇಡ, ನಡುರಾತ್ರಿಯಾದರೂ ಹೊರಡಿ. ಅಲ್ಲಿಗೆ ಹೋದಾಗ ಹದಿನಾಲ್ಕು ವರ್ಷದ ಸಕ್ಕರೆ ಎಂದು ಮೊದಲೇ ಹೇಳಿ, ಹಳೆಯ ಚೀಟಿಗಳನ್ನೆಲ್ಲ ಒಯ್ಯಿ.

ಹಣದ ಮಾತು ತೆಗೆಯಬೇಡ. ಐವತ್ತು ಸಾವಿರ ಇಂದೇ ರಾಘುವಿನ ಖಾತೆಗೆ ಹಾಕಿದ್ದೇನೆ, ಬೇಕಾದರೆ ಇನ್ನೂ ಹಾಕುತ್ತೇನೆ. ಹೊಟ್ಟೆ ಕಟ್ಟಿ ಕಳುಹಿಸಿದ್ದಲ್ಲ, ನಿಜವಾಗಿ ಉಳಿಸಿದ್ದು. ಊಟಕ್ಕೆ ನನಗೆ ಏನೂ ಕೊರತೆಯಿಲ್ಲ. ಇಲ್ಲಿ 'ಕಪ್ಪು ಗೋಧಿ' ಎಂದು ಕರೆಯುವ, ಗೋಧಿಯೇ ಅಲ್ಲದ ಒಂದು ಧಾನ್ಯದ ಹಿಟ್ಟಿನಲ್ಲಿ ದೋಸೆ ಮಾಡುತ್ತಾರೆ. ದೊಡ್ಡ ದುಂಡನೆಯ ಕಾವಲಿ, ಸೌಟಿನ ಬದಲು ಟಿ ಆಕಾರದ ಸಣ್ಣ ಮರದ ಕೋಲು. ಹಿಟ್ಟು ಹೊಯ್ದು ಮಣಿಕಟ್ಟು ಒಂದೇ ಸಲ ತಿರುಗಿಸಿದರೆ ಕಾವಲಿಯಗಲ ದೋಸೆ, ನಮ್ಮ ನೀರುದೋಸೆಯಷ್ಟು ತೆಳು, ರಾಗಿಯ ಬಣ್ಣ. ಮೇಲೆ ಉಪ್ಪು ಹಾಕಿದ ಬೆಣ್ಣೆ. ನಿನ್ನ ಶೇಂಗಾ ಚಟ್ನಿಪುಡಿ ಉದುರಿಸಿ ಆನಿಕ್‌ಗೆ ಕೊಟ್ಟೆ, ಎರಡನೆಯದು ಕೇಳಿ ಹಾಕಿಸಿಕೊಂಡರು.

ಮದುವೆಯ ವಿಷಯ ಈಗ ಬೇಡ ಅಮ್ಮ. ಪ್ಲುಮನಾಕ್‌ನ ಮರಳ ದಂಡೆಯಲ್ಲಿ ಸಂತ ಗಿರೆಕ್‌ನ ಪುಟ್ಟ ಗುಡಿಯಿದೆ, ಉಬ್ಬರದಲ್ಲಿ ಸುತ್ತಲೂ ನೀರು ನಿಲ್ಲುತ್ತದೆ. ಮದುವೆಯಾಗಬೇಕಾದ ಹುಡುಗಿಯರು ಆ ಸಂತನ ಮರದ ಮೂರ್ತಿಯ ಮೂಗಿಗೆ ಸೂಜಿ ಚುಚ್ಚುತ್ತಿದ್ದರಂತೆ, ಸೂಜಿ ನಿಂತರೆ ವರ್ಷದೊಳಗೆ ಮದುವೆ. ಚುಚ್ಚಿ ಚುಚ್ಚಿ ಮೂಗೇ ಸವೆದುಹೋಗಿ, ಕಡೆಗೆ ಕಲ್ಲಿನ ಮೂರ್ತಿ ಇಟ್ಟಿದ್ದಾರೆ. ನಿನ್ನೆ ನಾನೂ ಆ ಗುಡಿಯ ಎದುರು ನಿಂತು ಕೈಮುಗಿದೆ. ಬೇಡಿಕೊಂಡದ್ದು ಅಪ್ಪಯ್ಯನ ಕಾಲಿಗಾಗಿ. ಬೈಂದೂರಿನ ಕಡೆಯವರಿಗೆ ದೀಪಾವಳಿಗೆ ಬಂದಾಗ ಮಾತನಾಡುತ್ತೇನೆಂದು ತಿಳಿಸು, ಖಂಡಿತ ಬರುತ್ತೇನೆ.

ರಾಘು, ಪ್ಲುಮೊರ್-ಬೊದು ಎಂಬ ಊರಿನ ಉಪಗ್ರಹ ಕೇಂದ್ರದ ಬಿಳಿ ಗೋಳದ ಫೋಟೊ ಕೇಳಿದ್ದೆಯಲ್ಲ, ಈ ಪುಟಗಳ ಜೊತೆಗೇ ಬರುತ್ತದೆ. 1962ರಲ್ಲಿ ಅಮೆರಿಕದ ದೂರದರ್ಶನದ ಚಿತ್ರ ಉಪಗ್ರಹದ ಮೂಲಕ ಕಡಲು ದಾಟಿ ಬಂದಿಳಿದದ್ದು ಅಲ್ಲೇ. ಉಳಿದದ್ದು ಇನ್ನೊಮ್ಮೆ.

ನನ್ನ ಬಗ್ಗೆ ಒಂದಿಷ್ಟೂ ಚಿಂತೆ ಬೇಡ. ಬೂಟು ಗಟ್ಟಿಯಿದೆ, ಫೋನಿಗೆ ದಾರಿಯುದ್ದಕ್ಕೂ ಸಿಗ್ನಲ್ ಇದೆ, ನೆಗಡಿಯೂ ಇಲ್ಲ, ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ಗಂಟೆ ಹನ್ನೊಂದೂವರೆ ಆಯಿತು, ಬೆಳಿಗ್ಗೆ ಏಳಕ್ಕೆ ಬಸ್. ಬುಧವಾರ ಎಕ್ಸ್‌ರೇ ಆದ ಕೂಡಲೇ ರಾಘು ಒಂದು ಸಾಲು ಕಳುಹಿಸಲಿ, ಕಚೇರಿಯಲ್ಲಿದ್ದರೂ ನೋಡುತ್ತೇನೆ. ಮತ್ತೆ ಇಂಥದ್ದನ್ನು ಅಂಚಿನಲ್ಲಿ ಬರೆಯಬೇಡ ಅಮ್ಮ, ಮೊದಲ ಸಾಲಿನಲ್ಲೇ ಬರೆ.

ನಿನ್ನ
ಸುಮಾ