ಗಂಟೆಗೆ ಸಿಕ್ಕಿಸಿದ ಬಟ್ಟೆ

ಸಾಗರ
ಗುರುವಾರ ರಾತ್ರಿ

ಚಿ॥ ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಮೇಲ್ ಬಂತು. ನಿನ್ನ ಅತ್ತೆ ಕನ್ನಡಕ ಹುಡುಕಿಕೊಂಡು ಬಂದು ಎರಡು ಸಲ ಓದಿದಳು. ಟೊರಾಂಟೊದ ಹೊಸ ಮನೆ, ಬಾಡಿಗೆ, ಆಫೀಸು ಎಲ್ಲಾ ತಿಳಿಯಿತು. ಅದಕ್ಕೆ ಅವಳೇ ಬೇರೆ ಬರೆಯುತ್ತಾಳಂತೆ. ಏಪ್ರಿಲ್‌ನಲ್ಲಿ ಭಾವನಿಗೆ, ಅಂದರೆ ನಿಮ್ಮಪ್ಪನಿಗೆ, ಆಗಿದ್ದನ್ನು ನಾನು ಮತ್ತೆ ಕೆದಕುವುದಿಲ್ಲ. ನೀನೂ ಇದ್ದೆ, ನಾನೂ ಇದ್ದೆ.

ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಎರಡು ಸಾಲು. "ಮಾವಾ, ಟ್ಯಾಬ್ಲೆಟ್ ರಿಂಗೇ ಆಗಲ್ಲ. ಬೆಳಗ್ಗೆ ಎತ್ತಿ ನೋಡಿದ್ರೆ ಅಪ್ಪಂದು ಮೂರು ಮಿಸ್ಡ್ ಕಾಲ್ ಒಟ್ಟಿಗೆ ಬಿದ್ವು. ಒಂದಿನ ಅಪ್ಪಂಗೆ ನಿಜವಾಗ್ಲೂ ಏನಾದ್ರೂ ಆಗಿ ಕರೆದಾಗ ನಂಗೆ ಗೊತ್ತೇ ಆಗ್ದೆ ಹೋದ್ರೆ?" ಅಂತ ಕೇಳಿ, ಪಕ್ಕದಲ್ಲಿ ಒಂದು ನಗುವ ಮುಖ ಹಾಕಿದ್ದೀಯ. ಆ ಮುಖ ಯಾಕೆ ಹಾಕಿದೆ ಅನ್ನುವುದು ನನಗೆ ತಿಳಿಯುವುದಿಲ್ಲವಾ?

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ, ಅತ್ತೆ ಫೋಟೋ ಹೊಡೆದು ಕಳಿಸುತ್ತಾಳೆ. ಅಕ್ಷರ ವಕ್ರ ಇದ್ದರೆ ಸುಧಾರಿಸಿಕೋ.

ನಿನ್ನ ಮೇಲ್ ಓದಿದ ಮಾರನೇ ದಿನ ಭಾವನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಅವರ ಮೊಬೈಲಿಂದಲೇ ನಿನಗೆ ವಾಟ್ಸಾಪ್ ಕರೆ ಮಾಡಿಸಿದೆ. ಆಗ ಇಲ್ಲಿ ಬೆಳಗ್ಗೆ 9 ಗಂಟೆ. ಪರದೆಯ ಮೇಲೆ ಏನು ಬರುತ್ತದೆ ಅಂತ ನೋಡಬೇಕಿತ್ತು ನನಗೆ. ಅದರಲ್ಲೊಂದು ಗುಟ್ಟಿದೆ. ಕರೆ ಆ ಕಡೆಯ ಯಂತ್ರಕ್ಕೆ ಮುಟ್ಟಿದರೆ "ರಿಂಗಿಂಗ್" ಅಂತ ತೋರಿಸುತ್ತದೆ. ಮುಟ್ಟುವ ತನಕ ಬರೀ "ಕಾಲಿಂಗ್". ಭಾವನ ಪರದೆಯಲ್ಲಿ ಕೊನೆಯವರೆಗೂ "ಕಾಲಿಂಗ್" ಅಂತಲೇ ಇತ್ತು. ಅವರು ಆ ಅಕ್ಷರ ನೋಡುವವರಲ್ಲ. ಮೊಬೈಲನ್ನು ಕಿವಿಗೆ ಒತ್ತಿಕೊಂಡು, "ಅವ್ಳಿಗೆ ಕೆಲ್ಸ ಜಾಸ್ತಿ ಕಣೋ, ಎತ್ತೋದಿಲ್ಲ" ಅಂದರು. ಬೇಜಾರಿನಿಂದ ಹೇಳಿದ್ದಲ್ಲ. ನಿನ್ನನ್ನು ವಹಿಸಿಕೊಂಡು ಹೇಳಿದ ಹಾಗಿತ್ತು.

ನನಗೆ ಹೊಟ್ಟೆಯಲ್ಲಿ ಕಲಸಿದ್ದು ಆ ಮಾತಿಗೆ.

ನಿನಗೆ ಭಯ ಇರುವುದು ನಿನಗೆ ಕೇಳಿಸದೇ ಹೋದರೆ ಅಂತ. ನನ್ನ ಭಯ ಇನ್ನೊಂದು ತುದಿಯದು. ಕರೆಯುವವರಿಗೆ ಆ ಕಡೆ ಗಂಟೆ ಹೊಡೆಯುತ್ತಿಲ್ಲ ಅನ್ನುವುದು ಗೊತ್ತೇ ಆಗುವುದಿಲ್ಲ. ಎತ್ತುತ್ತಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಕಾಲದ ಫೋನಿನಲ್ಲೂ ಹಾಗೇ ಇತ್ತು. ಕರೆ ಮಾಡಿದವನ ಕಿವಿಗೆ ಟ್ರಿಣ್ ಟ್ರಿಣ್, ಎರಡು ಸೆಕೆಂಡ್ ಮೌನ, ಮತ್ತೆ ಟ್ರಿಣ್ ಟ್ರಿಣ್ ಅಂತ ಬರುತ್ತಿತ್ತಲ್ಲ, ಅದು ಆ ಮನೆಯ ಗಂಟೆಯ ಸದ್ದು ಅಂತಲೇ ಎಲ್ಲರೂ ತಿಳಿದಿದ್ದರು. ಅಲ್ಲ. ಅದು ಊರಿನ ಫೋನ್ ತಂತಿಗಳೆಲ್ಲ ಬಂದು ಸೇರುವ ಎಕ್ಸ್‌ಚೇಂಜ್ ಕಳಿಸುವ ಸದ್ದು. ಆ ಮನೆಯ ಗಂಟೆ ಹೊಡೆದರೂ, ಹೊಡೆಯದಿದ್ದರೂ ಅದು ಬರುತ್ತಲೇ ಇರುತ್ತದೆ.

ದೂರವಾಣಿ ಇಲಾಖೆಯಲ್ಲಿ 34 ವರ್ಷ ಇದೇ ಕೆಲಸ ಮಾಡಿದವನು ನಾನು. ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ 24 ಸೆಲ್ ಸಾಲಾಗಿ ಇರುತ್ತಿದ್ದವು. ಒಂದೊಂದು 2 ವೋಲ್ಟಿನದು, ಒಟ್ಟು 48. ಒಳಗೆ ಹೋದರೆ ಆಸಿಡ್ ವಾಸನೆ ಮೂಗಿಗೆ ಅಡರುತ್ತಿತ್ತು. ಮಾತಿಗೆ ಆ 48 ಸಾಕು. ಗಂಟೆ ಹೊಡೆಯಲು ಮಾತ್ರ ಸುಮಾರು 75 ವೋಲ್ಟಿನ ಬೇರೆ ಕರೆಂಟು ತಂತಿಯ ಮೇಲೆ ಹರಿಯಬೇಕು. ಮಳೆಗಾಲದಲ್ಲಿ ಕಂಬ ಹತ್ತಿ ಒದ್ದೆ ಕೈಯಲ್ಲಿ ಜೋಡಿ ತಂತಿ ಹಿಡಿದಿದ್ದಾಗ ಯಾರಾದರೂ ಆ ನಂಬರಿಗೆ ಫೋನ್ ಮಾಡಿದರೆ ಮೊಣಕೈವರೆಗೂ ಝುಂ ಅನ್ನುತ್ತಿತ್ತು. ಬೈದುಕೊಳ್ಳುತ್ತಿದ್ದೆವು. ಆದರೆ ಊರಿನ ಕರೆಂಟು ಮೂರು ದಿನ ಹೋದರೂ ಫೋನಿನ ಗಂಟೆ ಹೊಡೆಯುತ್ತಿತ್ತು, ಅದಕ್ಕೆ ಬೇಕಾದ ಶಕ್ತಿ ಎಕ್ಸ್‌ಚೇಂಜಿಂದಲೇ ಬರುತ್ತಿತ್ತಲ್ಲ. ಮನೆಯವರ ಅಪ್ಪಣೆ ಕೇಳುವ ಪದ್ಧತಿ ಅದಕ್ಕಿರಲಿಲ್ಲ. ನಿನ್ನ ಟ್ಯಾಬ್ಲೆಟ್ಟಿಗೆ ಎಷ್ಟು ಜನರ ಅಪ್ಪಣೆ ಬೇಕು ನೋಡು. ವೈಫೈ ಒಪ್ಪಬೇಕು, ಬ್ಯಾಟರಿ ಒಪ್ಪಬೇಕು, ಆ್ಯಪ್ ಎಚ್ಚರ ಇರಬೇಕು.

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ.

ಮೂರು ಮಿಸ್ಡ್ ಕಾಲ್ ಎತ್ತಿದ ಕೂಡಲೇ ಒಟ್ಟಿಗೆ ಬಿದ್ದವು ಅಂದೆಯಲ್ಲ, ಅದನ್ನು ಓದಿದಾಗಲೇ ನನಗೆ ಅನುಮಾನ ಬಂತು. ಮುಟ್ಟದೆ ಇಟ್ಟ ಟ್ಯಾಬ್ಲೆಟ್ ಚಾರ್ಜ್ ಉಳಿಸಲು ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ. ನೀನು ಎತ್ತಿದಾಗ ಅದಕ್ಕೆ ಎಚ್ಚರ ಆಗಿ, ಬಂದು ಹೋಗಿದ್ದನ್ನೆಲ್ಲ ಒಂದೇ ಸಲ ಒಪ್ಪಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ವಾಟ್ಸಾಪ್ ಒತ್ತಿ, ಬ್ಯಾಟರಿ ಅನ್ನುವ ಕಡೆ "ಅನ್‌ರಿಸ್ಟ್ರಿಕ್ಟೆಡ್" ಅಂತ ಮಾಡು. ಚಾರ್ಜ್ ಸ್ವಲ್ಪ ಬೇಗ ಇಳಿಯುತ್ತದೆ, ಇಳಿಯಲಿ. ನಿನ್ನ ಟ್ಯಾಬ್ಲೆಟ್ಟಿನಲ್ಲಿ ಹೆಸರು ಒಂಚೂರು ಬೇರೆ ಇದ್ದೀತು. ಕಂಪ್ಯೂಟರ್ ಓದಿದವಳಿಗೆ ಕಂಬ ಹತ್ತಿದವನು ಹೇಳುವುದೇನು ಅಂತ ನಗಬೇಡ.

ಅಪ್ಪ ಕರೆದು ನಿನಗೆ ಗೊತ್ತಾಗದೇ ಹೋದರೆ ಅಂತ ಕೇಳಿದೆ. ನಾನು ಉತ್ತರ ಕೊಡದೆ ಬ್ಯಾಟರಿ ಸೆಟ್ಟಿಂಗು ಹೇಳುತ್ತಿದ್ದೇನೆ. ಉತ್ತರ ನನ್ನ ಹತ್ತಿರವೇ ಇದೆ, ಅದಕ್ಕೇ ಅದರ ಸುತ್ತ ಸುತ್ತುತ್ತಿದ್ದೇನೆ.

1991ರ ಆಗಸ್ಟ್. ನಿನ್ನ ಅಜ್ಜ ಹೋದ ದಿನದ ಕಥೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಳೆ, ಜೀಪು, ಸೇತುವೆ, ಅದನ್ನೆಲ್ಲ ಬಿಡುತ್ತೇನೆ. ಗೊತ್ತಿಲ್ಲದ ಸಂಗತಿ ಒಂದೇ. ಅದನ್ನು ಯಾರಿಗೂ ಹೇಳಿಲ್ಲ. ನಿಮ್ಮಮ್ಮನಿಗೂ ಹೇಳಲಿಲ್ಲ. ಈಗ ಹೇಳೋಣ ಅಂದರೆ ಅವಳಿಲ್ಲ.

ಆಗ ನಮ್ಮ ಮನೆಯಲ್ಲಿದ್ದದ್ದು ಐಟಿಐನ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನ ಕಪ್ಪು ಫೋನು, ಬೆಂಗಳೂರಿನ ದೂರವಾಣಿ ನಗರದಲ್ಲಿ ತಯಾರಾದದ್ದು. ಯಾರ ಮನೆಯ ಫೋನು ಕೆಟ್ಟರೂ ಪಕ್ಕದ ಮನೆಯಿಂದ ನನಗೇ ಮಾಡುತ್ತಿದ್ದರು. ರಾತ್ರಿ ಹನ್ನೊಂದಾಗಲಿ, ಬೆಳಗಿನ ಜಾವ ಆಗಲಿ, "ನಮ್ಮ ಫೋನ್ ಡೆಡ್ಡಾಗಿದೆ." ಮಗುವಿಗೆ ಆಗ ಎಂಟು ತಿಂಗಳು, ಹಲ್ಲು ಬರುವ ಜ್ವರ. ಎರಡು ರಾತ್ರಿ ನಿನ್ನ ಅತ್ತೆ ಕಣ್ಣು ಮುಚ್ಚಿರಲಿಲ್ಲ. ಮೂರನೇ ಸಂಜೆ ಮಗು ಆಗಷ್ಟೇ ಮಲಗಿತ್ತು. ಫೋನ್ ಹೊಡೆಯಿತು. ಮಗು ಬೆಚ್ಚಿ ಎದ್ದು ಕಿರುಚಿತು. ಇವಳು ಗೋಡೆಗೆ ತಲೆ ಆನಿಸಿಕೊಂಡು ಸದ್ದಿಲ್ಲದೆ ಅತ್ತಳು.

ನಾನು ಫೋನನ್ನು ಮಗುಚಿ ಹಾಕಿ, ತಳದ ಎರಡು ಸ್ಕ್ರೂ ಬಿಚ್ಚಿ, ಮೇಲಿನ ಕವಚ ತೆಗೆದೆ. ಒಳಗೆ ಎರಡು ಗಂಟೆ, ಬೋರಲು ಹಾಕಿದ ಪುಟ್ಟ ಬಟ್ಟಲಿನ ಹಾಗೆ. ನಡುವೆ ಗುಂಡು ತಲೆಯ ಸುತ್ತಿಗೆ, ಬೆರಳ ಉಗುರಿನಷ್ಟು. ಹಳೇ ಪಂಚೆಯ ಅಂಚು ಹರಿದು, ನಾಲ್ಕು ಮಡಿಕೆ ಮಾಡಿ, ಸುತ್ತಿಗೆಗೂ ಗಂಟೆಗೂ ನಡುವೆ ಸಿಕ್ಕಿಸಿದೆ. ಅಂಚು ಹಸಿರು ಬಣ್ಣದ್ದು. ಮತ್ತೆ ಸ್ಕ್ರೂ ಬಿಗಿದೆ. ಬೆಳಗ್ಗೆ ತೆಗೆಯೋಣ ಅಂದುಕೊಂಡೆ. ಬೆಳಗ್ಗೆ ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು, ಹಾಗೇ ಓಡಿದೆ. ಮರೆತೇಬಿಟ್ಟೆ.

1986ರಲ್ಲಿ ಕಿತ್ತೂರಿನಲ್ಲಿ, ಎಕ್ಸ್‌ಚೇಂಜ್ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್‌ನವರ ಮೊದಲ ಹಳ್ಳಿ ಎಕ್ಸ್‌ಚೇಂಜ್ ಶುರುವಾಯಿತು. ಆಮೇಲೆ ನಮ್ಮ ಕಡೆಗೂ ಒಂದೊಂದಾಗಿ ಬಂದವು. ನಮ್ಮಪ್ಪ ಇದ್ದ ನಮ್ಮೂರ ಅಂಗಡಿಗೆ ಫೋನ್ ಬಂದಾಗ ನಾನೇ ಹೋಗಿ ಜೋಡಿಸಿದ್ದೆ. ಅಪ್ಪನನ್ನು ಕರೆದುಕೊಂಡು ಹೋಗಿ ನಂಬರ್ ತಿರುಗಿಸುವುದು ತೋರಿಸಿ, "ರಾತ್ರಿ ಆದ್ರೂ ಮಾಡ್ಸಿ, ನಾನು ಎತ್ತೇ ಎತ್ತುತ್ತೀನಿ" ಅಂತ ಎಲ್ಲರ ಎದುರು ಹೇಳಿದ್ದೆ. ಜಂಬ, ನೋಡು.

1991ರ ಆ ರಾತ್ರಿ ಅಂಗಡಿಯವರು ಮೂರು ಸಲ ತಿರುಗಿಸಿದರಂತೆ. ಮೂರು ಸಲವೂ ಟ್ರಿಣ್ ಟ್ರಿಣ್ ಕೇಳಿತಂತೆ. ಹೋಗಿ ಅಪ್ಪನಿಗೆ, "ರಿಂಗ್ ಆಗ್ತದೆ, ಎತ್ತೋದಿಲ್ಲ" ಅಂದರಂತೆ. ಮಾರನೇ ದಿನ ಜನ ಕಳಿಸಿ ನನಗೆ ಸುದ್ದಿ ಮುಟ್ಟಿಸಿದರು. ಮುಂದಿನದು ನಿನಗೆ ಗೊತ್ತು.

ಊರಿನಲ್ಲಿ ಎಲ್ಲರೂ ಕೇಳಿದರು. ನಾನು "ಲೈನ್ ಫಾಲ್ಟ್ ಇತ್ತು" ಅಂದೆ. ಇಲಾಖೆಯವನೇ ಹೇಳಿದ ಮೇಲೆ ಅನುಮಾನ ಪಡುವವರು ಯಾರು? ಕಾರ್ಯ ಮುಗಿಸಿ ಬಂದ ರಾತ್ರಿ ಸ್ಕ್ರೂ ಬಿಚ್ಚಿ ಬಟ್ಟೆ ತೆಗೆದೆ. ಹಸಿರು ಅಂಚಿನ ಮೇಲೆ ಸುತ್ತಿಗೆ ಬಡಿದು ಬಡಿದು ಪುಟ್ಟ ಕಪ್ಪು ಚುಕ್ಕೆ ಆಗಿತ್ತು. ಅದು ತನ್ನ ಕೆಲಸ ಮಾಡಿತ್ತು, ಪುಟ್ಟಿ.

ಒಂದು ಫೋನ್ ಎತ್ತಿದ್ದರೆ ಅಪ್ಪ ಉಳಿಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಡಾಕ್ಟರು ಹಾಗೆ ಹೇಳಲಿಲ್ಲ. ನನ್ನನ್ನು ಕಾಡುವುದು ಅದಲ್ಲ. ಮಗ ಎತ್ತಲಿಲ್ಲ ಅಂದುಕೊಂಡು ಅವರು ಎಷ್ಟು ಹೊತ್ತು ಮಲಗಿದ್ದರೋ ಅನ್ನುವುದು. ಮೊನ್ನೆ ಭಾವ "ಅವ್ಳಿಗೆ ಕೆಲ್ಸ ಜಾಸ್ತಿ" ಅಂದಾಗ ನನಗೆ ಅಪ್ಪನೂ ನನ್ನನ್ನು ಹೀಗೇ ವಹಿಸಿಕೊಂಡಿರಬಹುದಾ ಅನ್ನಿಸಿತು. ವಹಿಸಿಕೊಂಡಿದ್ದರೆ ಇನ್ನೂ ಕಷ್ಟ.

ಅದಕ್ಕೇ ಸೆಟ್ಟಿಂಗಿಗಿಂತ ಮೊದಲು ಭಾವನಿಗೆ ಒಂದು ಮಾತು ಹೇಳು. "ಅಪ್ಪಾ, ನಾನು ಎತ್ತಲಿಲ್ಲ ಅಂದ್ರೆ ಅದು ಟ್ಯಾಬ್ಲೆಟ್ ಮಲಗಿದೆ ಅಂತ ಅರ್ಥ" ಅನ್ನು. ನಾನು ಹೇಳಿದರೆ ನಿನ್ನ ಪರ ವಕಾಲತ್ತು ಅಂದುಕೊಳ್ಳುತ್ತಾರೆ. ನೀನೇ ಹೇಳಬೇಕು. "ಕಾಲಿಂಗ್", "ರಿಂಗಿಂಗ್" ಎರಡರ ವ್ಯತ್ಯಾಸ ನಾನು ಅವರಿಗೆ ಕ್ಯಾಲೆಂಡರ್ ಹಿಂದೆ ದೊಡ್ಡದಾಗಿ ಬರೆದು ಕೊಟ್ಟಿದ್ದೇನೆ.

ಇನ್ನೊಂದು ಅನುಮಾನವೂ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಟ್ಯಾಬ್ಲೆಟ್ ತಾನೇ ಸೈಲೆಂಟ್ ಆಗುವ ಹಾಗೆ ಬೆಡ್‌ಟೈಮ್ ಇಟ್ಟಿದ್ದೀನಿ ಅಂತ ಹಿಂದೊಮ್ಮೆ ಅತ್ತೆಗೆ ಹೇಳಿದ್ದೆಯಲ್ಲ. ಲೆಕ್ಕ ಹಾಕಿ ನೋಡು. ಟೊರಾಂಟೊ ಈಗ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಿನ್ನ ರಾತ್ರಿ 10 ಅಂದರೆ ಇಲ್ಲಿ ಬೆಳಗ್ಗೆ 7.30. ನಿನ್ನ 6 ಗಂಟೆ ಅಂದರೆ ಇಲ್ಲಿ ಮಧ್ಯಾಹ್ನ 3.30. ಭಾವ ಕಾಫಿ ಕುಡಿದು ಕೂರುವುದರಿಂದ ಹಿಡಿದು ಊಟ ಮಾಡಿ ಮಲಗಿ ಏಳುವ ತನಕ ನಿನ್ನ ಗಂಟೆಗೆ ಬಟ್ಟೆ ಸಿಕ್ಕಿಸಿದ ಹಾಗೇ ಆಯಿತು. ನಿದ್ದೆ ಬಿಡು ಅಂತ ನಾನು ಹೇಳುವುದಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಡು ನಾಟ್ ಡಿಸ್ಟರ್ಬ್ ಒಳಗೆ ಯಾವ ಆ್ಯಪ್‌ಗೆ ರಿಯಾಯಿತಿ ಅಂತ ಕೇಳುತ್ತದೆ. ವಾಟ್ಸಾಪ್‌ಗೆ ಕೊಡು. ಆಮೇಲೆ ಗುಂಪುಗಳನ್ನೆಲ್ಲ ಮ್ಯೂಟ್ ಮಾಡು, ಇಲ್ಲದಿದ್ದರೆ ನಮ್ಮ ಮನೆತನದ ಶುಭೋದಯಗಳು ನಿನ್ನನ್ನು ಮಲಗಲು ಬಿಡುವುದಿಲ್ಲ.

ಹಾಡು ಕೇಳುವ ಸದ್ದು ಬೇರೆ, ರಿಂಗಿನ ಸದ್ದು ಬೇರೆ. ವಿಡಿಯೋ ಜೋರಾಗಿ ಕೇಳುತ್ತದೆ ಅಂತ ರಿಂಗೂ ಜೋರಾಗಿದೆ ಅಂದುಕೊಳ್ಳಬೇಡ, ಎರಡಕ್ಕೂ ಬೇರೆ ಬೇರೆ ಗೆರೆ ಇರುತ್ತದೆ. ಕಿವಿಗೆ ಹಾಕುವ ಆ ಬ್ಲೂಟೂತ್ ಬೀಜಗಳು ಎಲ್ಲೋ ದಿಂಬಿನ ಕೆಳಗೆ ಕನೆಕ್ಟ್ ಆಗಿಯೇ ಇದ್ದರೆ ಸದ್ದು ಅಲ್ಲಿಗೆ ಹೋಗಿರಬಹುದು, ಅದನ್ನೂ ನೋಡು. ಇದೆಲ್ಲ ನೀನು ಆಗಲೇ ನೋಡಿರುತ್ತೀಯ. ಮುದುಕನ ಚಟ, ಹೇಳದಿದ್ದರೆ ಕೈ ಕಟ್ಟಿದ ಹಾಗಾಗುತ್ತದೆ.

ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತೀಯಂತೆ. ಅದನ್ನು ಮಾತ್ರ ತಲೆ ಹತ್ತಿರ ತಂದಿಟ್ಟುಕೋ. ಭಾವನ ಸಿಮ್ಮಿಗೆ ವಿದೇಶಕ್ಕೆ ಕರೆ ಮಾಡುವ ಐಎಸ್‌ಡಿ ಹಾಕಿಸಿದ್ದೇನೆ, ದುಡ್ಡೂ ತುಂಬಿಸಿದ್ದೇನೆ. ನಿಜವಾದ ತುರ್ತಿಗೆ ವಾಟ್ಸಾಪ್ ಬೇಡ, ಮಾಮೂಲಿ ಕರೆ ಮಾಡಿ ಅಂತ ಹೇಳಿದ್ದೇನೆ. ಅದಕ್ಕೂ ಮೊದಲು ನನಗೆ ಮಾಡಿ ಅಂದಿದ್ದೇನೆ. ನಾನು ಎರಡು ಬೀದಿ ಆಚೆ ಇದ್ದೇನೆ. ನನ್ನ ಫೋನು ಯಾವ ರಾತ್ರಿಯೂ ಸೈಲೆಂಟ್ ಇರುವುದಿಲ್ಲ. ಅತ್ತೆ ಅದಕ್ಕೆ ಬೈಯುತ್ತಾಳೆ. ಯಾಕೆ ಅಂತ ಅವಳಿಗೂ ಹೇಳಿಲ್ಲ. ಇದರ ಫೋಟೋ ಹೊಡೆಯುವಾಗ ಓದಿಕೊಳ್ಳುತ್ತಾಳೆ ಅನ್ನಿಸುತ್ತದೆ. ಓದಲಿ.

ನಮ್ಮಲ್ಲಿ ಲೈನ್ ರಿಪೇರಿ ಆದ ಮೇಲೆ ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿಗೆ ಹೇಳಿ ಅಲ್ಲಿಂದ ರಿಂಗ್ ಬ್ಯಾಕ್, ಅಂದರೆ ವಾಪಸ್ ಕರೆ, ತರಿಸಿಕೊಳ್ಳದೆ ಮನೆಯಿಂದ ಹೊರಡುತ್ತಿರಲಿಲ್ಲ. ಗಂಟೆ ಕಿವಿಯಲ್ಲಿ ಕೇಳಬೇಕು. ಹಾಗಾಗಿ ಭಾನುವಾರ ಬೆಳಗ್ಗೆ 8ಕ್ಕೆ ಭಾವನ ಪಕ್ಕ ಕೂತು ಕರೆ ಮಾಡಿಸುತ್ತೇನೆ. ನಿನಗೆ ಶನಿವಾರ ರಾತ್ರಿ 10.30. ಅದಕ್ಕೆ ಮುಂಚೆ ಎರಡು ಗಂಟೆ ಟ್ಯಾಬ್ಲೆಟ್ ಮುಟ್ಟಬೇಡ, ಎಚ್ಚರ ಇದ್ದಾಗ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಹೊಡೆದರೆ ಕೂಡಲೇ ಎತ್ತಬೇಡ. ನಾಲ್ಕು ಸಲ ಹೊಡೆಯಲಿ. ಆ "ರಿಂಗಿಂಗ್" ಅನ್ನುವ ಅಕ್ಷರವನ್ನು ನಾನು ಭಾವನಿಗೆ ಬೆರಳಿಟ್ಟು ತೋರಿಸಬೇಕು.

ನಿನ್ನ ಮಾವ