ಕ್ಯಾಪ್ಟನ್‌ಗೆ ಒಂದು ಪತ್ರ: ಮಗಳ ಹೆರಿಗೆಯ ತಾರೀಖು, ನನ್ನ ಆಪರೇಷನ್ ತಾರೀಖು

ಪ್ರೀತಿಯ ಕ್ಯಾಪ್ಟನ್,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಂಥ ವಿಷಯ ಬಂದರೆ ನೀನು ಸುಮ್ಮನಾಗಿಬಿಡುತ್ತೀಯ, ಆಮೇಲೆ ನಾನೇ ನಿನಗೆ ಸಮಾಧಾನ ಹೇಳಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದಕ್ಕೂ ಕಾರಣ ಇದೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಶಕ್ತಿ ಈಗ ನನ್ನಲ್ಲಿಲ್ಲ. ಇದೇ ಇಕ್ಕಟ್ಟಿನಲ್ಲಿರುವ ಇನ್ಯಾರಿಗಾದರೂ ಉಪಯೋಗವಾದರೆ ಅದೂ ಆಗಲಿ. ಮಗಳಿಗೆ ಹೇಳಿಯಾಗಿದೆ, ಹಾಗಾಗಿ ಯಾರಿಂದಲೂ ಮುಚ್ಚಿಡುವುದೇನೂ ಇಲ್ಲ.

ಎಡ ಎದೆಯಲ್ಲಿ ಗಂಟು. ಎರಡು ಸೆಂಟಿಮೀಟರ್‌ಗಿಂತ ಸ್ವಲ್ಪ ಚಿಕ್ಕದು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಕಂಕುಳಿನ ಗ್ರಂಥಿಗಳು ಸ್ಕ್ಯಾನಿನಲ್ಲಿ ಸರಿಯಾಗಿಯೇ ಕಾಣುತ್ತಿವೆ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಹರ್-2 (ಕೆಲವು ಕ್ಯಾನ್ಸರನ್ನು ಬೇಗ ಬೆಳೆಸುವ ಪ್ರೋಟೀನ್) ನೆಗೆಟಿವ್. ಅಂದರೆ ಹಾರ್ಮೋನಿನ ಬಲದ ಮೇಲೆ ಬೆಳೆಯುವಂಥದ್ದು, ಹಾಗಾಗಿ ಹಾರ್ಮೋನ್ ತಡೆಯುವ ಮಾತ್ರೆಗೂ ಬಗ್ಗುವಂಥದ್ದು.

ಬಯಾಪ್ಸಿ ಮಾಡುವ ಡಾಕ್ಟರ್ ಸೂಜಿ ಚುಚ್ಚುವ ಮೊದಲು ಅದನ್ನು ಗಾಳಿಯಲ್ಲೇ ಒಮ್ಮೆ ಒತ್ತಿ ತೋರಿಸಿದರು. ಸ್ಟೇಪ್ಲರ್ ಹೊಡೆದ ಹಾಗೆ 'ಟಕ್' ಅಂತು. "ಈ ಸದ್ದು ಬರುತ್ತೆ, ಅಲುಗಾಡಬೇಡಿ" ಅಂದರು. ಕೊನೆಗೆ, ಮುಂದೆ ಆ ಜಾಗ ಸುಲಭವಾಗಿ ಸಿಗಲಿ ಅಂತ ಕೆಲವೇ ಮಿಲಿಮೀಟರಿನ ಟೈಟಾನಿಯಂ ಗುರುತೊಂದನ್ನು ಒಳಗೇ ಬಿಟ್ಟರು. ಆಗ ನಾನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಏರ್‌ಪೋರ್ಟ್ ತಪಾಸಣೆಯಲ್ಲಿ ಇದು ಸದ್ದು ಮಾಡುತ್ತಾ?"

ಮಾಡುವುದಿಲ್ಲವಂತೆ.

ಟಿಕೆಟ್ ವಿಷಯ ನಿನಗೆ ಗೊತ್ತೇ ಇದೆ. ಪರದೇಶದಲ್ಲಿರುವ ಮಗಳ ಹೆರಿಗೆಗೆ ಇನ್ನೂ ಸಮಯ ಇದೆ, ಆದರೆ ಜಾಸ್ತಿ ಇಲ್ಲ. ಹೋದ ಸಲ ಏನಾಯ್ತು ಅನ್ನುವುದೂ ನಿನಗೆ ಗೊತ್ತು. ಈ ಸಲ ಅವಳ ಪಕ್ಕದಲ್ಲಿ ಇದ್ದೇ ಇರುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಸುದ್ದಿ ತಿಳಿದವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳಿದರು: "ಮೊದಲು ಜೀವ, ಟಿಕೆಟ್ಟಿಗೇನು, ಕ್ಯಾನ್ಸಲ್ ಮಾಡು." ಪ್ರೀತಿಯಿಂದಲೇ ಹೇಳಿದರು. ಆದರೆ ನನಗೆ ಇದು ಒಪ್ಪಿಗೆಯಾಗಲಿಲ್ಲ ಕಣೋ. ಮಗಳ ಹೆರಿಗೆ ನನ್ನ ಜೀವನದ ಹೊರಗಿನ ಸಂಗತಿಯಾ? ಇಂಥದ್ದಕ್ಕೆಲ್ಲ ಇರಲಿ ಅಂತ ತಾನೇ ಜೀವ ಉಳಿಸಿಕೊಳ್ಳುವುದು? ಕಾಯಿಲೆ ಬಂದವರ ಆಸೆಗಳನ್ನೆಲ್ಲ ಉಳಿದವರು ಇಷ್ಟು ಬೇಗ ಹೊಡೆದುಹಾಕಬಾರದು.

ನನ್ನ ಸರ್ಜನ್ ಹಾಗೆ ಮಾಡಲಿಲ್ಲ. ಮೊದಲ ಭೇಟಿಯಲ್ಲೇ ಹೆರಿಗೆ ತಾರೀಖು ಹೇಳಿದೆ. ರಿಪೋರ್ಟ್ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚೌಕಗಳನ್ನು ಎಳೆದರು, ಒಂದು ಚೌಕ ಅಂದರೆ ಒಂದು ವಾರ. ಹೆರಿಗೆಯ ವಾರಕ್ಕೆ ಸುತ್ತು ಹಾಕಿದರು. "ಈಗ ಇದರೊಳಗೆ ಏನೇನು ಕೂರುತ್ತೆ ನೋಡೋಣ" ಅಂದರು. ಆ ಒಂದು ಮಾತಿಗೆ ಅವರ ಮೇಲೆ ನಂಬಿಕೆ ಬಂತು.

ಅವರು ಹೇಳಿದ್ದರಲ್ಲಿ ಎರಡು ವಿಷಯ ಒಟ್ಟಿಗೇ ಇಟ್ಟುಕೊಳ್ಳಬೇಕು. ಒಂದು, ನನ್ನಂಥ ಗಂಟು ನಾಳೆ ಬೆಳಿಗ್ಗೆಯೇ ತೆಗೆಯಬೇಕಾದ ತುರ್ತಲ್ಲ. ಎಲ್ಲ ರಿಪೋರ್ಟ್ ಬರುವವರೆಗೆ ಕಾಯಲು, ಇನ್ನೊಬ್ಬ ಡಾಕ್ಟರನ್ನು ಕೇಳಲು, ಯೋಚಿಸಲು ಕೆಲವು ವಾರ ಇರುತ್ತವೆ. ಇನ್ನೊಂದು, ಆ ವಾರಗಳನ್ನು ಎಷ್ಟು ಬೇಕಾದರೂ ಎಳೆಯುವ ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಏರುತ್ತದೆ ಅನ್ನುತ್ತದೆ ಅದು. ಒಬ್ಬಳ ಮಟ್ಟಿಗೆ ಅದು ಸಣ್ಣ ಏರಿಕೆಯೇ ಇರಬಹುದು, ಆದರೆ ಸೊನ್ನೆ ಅಲ್ಲ. ಇನ್ನು, ಎದೆಯೆಲ್ಲ ಕೆಂಪಾಗಿ ಊದಿಕೊಳ್ಳುವ ಬಗೆಯದ್ದು, ಬೇಗ ಬೆಳೆಯುವಂಥದ್ದು ಇದ್ದವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅವರಿಗೆ ಎಷ್ಟೋ ಸಲ ಆಪರೇಷನ್‌ಗೂ ಮೊದಲೇ ಕೀಮೋ ಶುರುವಾಗುತ್ತದೆ, ಅದೂ ತಡಮಾಡದೆ.

ಮಾತ್ರೆಯ ದಾರಿಯೂ ಒಂದಿತ್ತು. 2020ರಲ್ಲಿ ಕೊರೊನಾದಿಂದ ಆಪರೇಷನ್ ಥಿಯೇಟರ್‌ಗಳು ಮುಚ್ಚಿದಾಗ, ನನ್ನಂಥ ಹಾರ್ಮೋನ್ ಬಗೆಯವರಿಗೆ ಮೊದಲು ಮಾತ್ರೆ ಕೊಟ್ಟು ಆಪರೇಷನ್ ಮುಂದಕ್ಕೆ ಹಾಕಿದ್ದರು. ಇದನ್ನು ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಮಾತ್ರೆ ನುಂಗುತ್ತಾ ಹೋಗಿಬರಬಹುದಲ್ಲ! ಡಾಕ್ಟರ್ ಬೇಡ ಅನ್ನಲಿಲ್ಲ. ಆದರೆ ಗಂಟು ಕುಗ್ಗುತ್ತಿದೆಯಾ ಅಂತ ನಡುವೆ ಸ್ಕ್ಯಾನ್ ಮಾಡಿಸಬೇಕು, ಅದೂ ಪರದೇಶದಲ್ಲಿ, ಮೊದಲೇ ಗೊತ್ತಿರುವ ಕಾಯಿಲೆಯ ಖರ್ಚನ್ನು ಸಾಮಾನ್ಯವಾಗಿ ಕೊಡದ ಟ್ರಾವೆಲ್ ಇನ್ಶೂರೆನ್ಸ್ ಇಟ್ಟುಕೊಂಡು. ಮತ್ತೆ, ಗ್ರಂಥಿಗಳಲ್ಲಿ ನಿಜವಾಗಿ ಏನಿದೆ ಅನ್ನುವುದು ಆಪರೇಷನ್ ಆಗುವವರೆಗೆ ಖಚಿತವಾಗುವುದಿಲ್ಲ. ಅಷ್ಟು ದಿನ ಅದು ಗೊತ್ತಿಲ್ಲದೆ ಮಗಳ ಮನೆಯಲ್ಲಿ ನಾನು ನಿದ್ದೆ ಮಾಡುತ್ತೇನಾ? ಬೇಡ ಅನ್ನಿಸಿತು.

ಹಾಗಾದರೆ ಆಪರೇಷನ್. ಯಾವುದು? ನನಗೆ ಕಷ್ಟವಾಗಿದ್ದು ಇಲ್ಲೇ.

ಗಂಟು ಮಾತ್ರ ತೆಗೆದರೆ ಆಮೇಲೆ ರೇಡಿಯೇಶನ್ ಬೇಕು. ಪೂರ್ತಿ ಎದೆ ತೆಗೆದರೆ, ಗ್ರಂಥಿಗೆ ಹರಡದಿದ್ದರೆ, ಬೇಡವಾಗಬಹುದು. ನಾನು ತಟ್ಟನೆ ಹೇಳಿದೆ: "ಹಾಗಾದರೆ ಪೂರ್ತಿ ತೆಗೆದುಬಿಡಿ."

ಜಾಸ್ತಿ ತೆಗೆದರೆ ಜಾಸ್ತಿ ದಿನ ಬದುಕುತ್ತೇವೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ಅಮೆರಿಕದಲ್ಲಿ ಸರ್ಜನ್ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಸರ್ಜನ್ ಉಂಬರ್ಟೊ ವೆರೊನೇಸಿ ಇದನ್ನೇ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಇಪ್ಪತ್ತು ವರ್ಷ ಆ ಹೆಂಗಸರ ಬೆನ್ನಿಗಿದ್ದು ನೋಡಿದ ಫಲಿತಾಂಶಗಳು 2002ರಲ್ಲಿ ಬಂದವು. ಬದುಕಿ ಉಳಿಯುವ ವಿಷಯದಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ನನಗೆ ಇದೆಲ್ಲ ಓದಿ ಗೊತ್ತಿತ್ತು. ಆದರೂ ಪೂರ್ತಿ ತೆಗೆಯಿರಿ ಅಂದೆ.

ಡಾಕ್ಟರ್ ಪೆನ್ಸಿಲ್ ಕೆಳಗಿಟ್ಟರು. "ಟಿಕೆಟ್ ಇಲ್ಲದೇ ಇದ್ದಿದ್ದರೆ ಏನು ಆರಿಸುತ್ತಿದ್ದಿರಿ?"

"ಗಂಟು ಮಾತ್ರ" ಅಂದೆ. ಯೋಚಿಸಲೇ ಇಲ್ಲ, ಬಾಯಿಗೆ ಬಂತು. ಆಮೇಲೆ ಅಳು ಬಂತು.

ಅವತ್ತಿನಿಂದ ಇದೇ ತಲೆಯಲ್ಲಿ ಕೂತಿದೆ, ಕ್ಯಾಪ್ಟನ್. ಕೆಲವು ಚೌಕ ಉಳಿಸಲು ನಾನು ನನ್ನ ದೇಹದ ಒಂದು ಭಾಗ ಕೊಡಲು ತಯಾರಾಗಿದ್ದೆ. ಬೇರೆ ಯಾರೋ ಹೆಂಗಸು ಅದನ್ನೇ ತನ್ನ ನೆಮ್ಮದಿಗೆ ಆರಿಸಿಕೊಂಡರೆ ಅದು ಅವಳ ಸರಿ. ನನ್ನದು ಹಾಗಿರಲಿಲ್ಲ. ತಾರೀಖುಗಳ ಬಗ್ಗೆ ಮಾತಾಡುತ್ತಿರುವಷ್ಟು ಹೊತ್ತು ಎದೆಯ ಬಗ್ಗೆ ಮಾತಾಡಬೇಕಿರಲಿಲ್ಲ, ಅಷ್ಟೇ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡುತ್ತೇನೆ. ಅಲ್ಲಿಗೆ ಓಡುವ ಆಸೆಯಲ್ಲಿ ಮಗುವಿನ ಪಾಲು ಅರ್ಧ. ಇಲ್ಲಿ ವಿಷಯ ಗೊತ್ತಾದವರು ಮಾತಾಡುವ ಮೊದಲು ಒಂದು ಸಲ ನನ್ನ ಎದೆ ನೋಡುತ್ತಾರೆ, ತಕ್ಷಣ ಕಣ್ಣು ಮೇಲೆತ್ತುತ್ತಾರೆ. ಅವರಿಗೇ ಗೊತ್ತಾಗುವುದಿಲ್ಲ ಪಾಪ. ಮಗಳ ಮನೆಯಲ್ಲಿ ನಾನಿನ್ನೂ ಬರೀ ಅಮ್ಮನಾಗಿದ್ದೆ. ಯಾರಿಗೂ ಹೇಳದೆ ಹೋಗಿ, ನನ್ನ ಕೂದಲು, ನನ್ನ ಮೈ ಹೀಗೇ ಇರುವಾಗ ಆ ಮಗುವಿನ ಜೊತೆ ಒಂದು ಫೋಟೊ ತೆಗೆಸಿಕೊಂಡುಬಿಡಬೇಕು ಅಂತಿತ್ತು. ಮುಂದೆ ಅದು ದೊಡ್ಡದಾಗಿ ನೋಡುವಾಗ ನಾನು ಪಕ್ಕದಲ್ಲಿ ಇರುತ್ತೇನೋ ಇಲ್ಲವೋ ಅಂತ. ಡಾಕ್ಟರ್ ಏನೇ ಹೇಳಲಿ, ರಾತ್ರಿ ಹೊತ್ತು ಹಾಗೇ ಅನ್ನಿಸುತ್ತದೆ. ಬೆಳಗಾದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಇದನ್ನು ಇಲ್ಲಿ ಬರೆಯಬೇಕು ಅಂತ ಕೂತಿರಲಿಲ್ಲ. ಬಂದಿದೆ, ಇರಲಿ.

ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮಾ, ಹೆರಿಗೆ ಒಂದು ದಿನದ್ದು. ಆಮೇಲಿನ ದಿನಗಳಿಗೆ ನೀನು ಬೇಕು" ಅಂದಳು. ರೇಡಿಯೇಶನ್ ಆದವರು ಮಗು ಎತ್ತಿಕೊಳ್ಳಬಹುದಾ ಅಂತಲೂ ಕೇಳಿದಳು. ಎತ್ತಿಕೊಳ್ಳಬಹುದು. ಹೊರಗಿನಿಂದ ಕೊಡುವ ರೇಡಿಯೇಶನ್ ಮೈಯಲ್ಲಿ ಉಳಿಯುವುದಿಲ್ಲ. ಗಾಯ ಮಾಗುವವರೆಗೆ ಭಾರ ಎತ್ತಬಾರದು, ಅಷ್ಟೇ.

ಈಗ ನಿರ್ಧಾರ ಆಗಿದೆ. ಮಂಗಳವಾರ ಆಪರೇಷನ್. ಗಂಟು, ಜೊತೆಗೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಕಂಕುಳಿನ ಒಂದೆರಡು ಗ್ರಂಥಿ. ಆಮೇಲೆ ತೆಗೆದ ಗಂಟಿನ ಮೇಲೆ, ಕ್ಯಾನ್ಸರ್ ಮರಳುವ ಸಾಧ್ಯತೆಗೆ ಅಂಕ ಕೊಡುವ 21 ಜೀನ್‌ಗಳ ಪರೀಕ್ಷೆ. ಐವತ್ತು ದಾಟಿದವರಲ್ಲಿ, ಗ್ರಂಥಿಗೆ ಹರಡಿಲ್ಲದಿದ್ದರೆ, ಅಂಕ 25ರ ಒಳಗೆ ಬಂದರೆ ಕೀಮೋದಿಂದ ಹೆಚ್ಚಿನ ಲಾಭವಿಲ್ಲ ಅಂತ 2018ರ ಟೈಲರ್‌ಎಕ್ಸ್ ಅಧ್ಯಯನ ತೋರಿಸಿದೆ. ಹಾಗೆ ಬಂದರೆ ರೇಡಿಯೇಶನ್ ಮುಗಿಸಿ ಹೊರಡುತ್ತೇನೆ. ಹಿಂದೆ ಅದು ಐದು ವಾರ ಹಿಡಿಯುತ್ತಿತ್ತು. ಆಮೇಲೆ ಮೂರು ವಾರಕ್ಕೆ ಇಳಿಯಿತು. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಪರೀಕ್ಷೆಯ ಐದು ವರ್ಷಗಳ ಫಲಿತಾಂಶ 2020ರಲ್ಲಿ ಬಂದ ಮೇಲೆ ಕೆಲವರಿಗೆ ಒಂದೇ ವಾರದಲ್ಲಿ, ಐದು ಸಲ ಕೊಟ್ಟು ಮುಗಿಸುತ್ತಾರೆ. ಪೂರ್ತಿ ತೆಗೆಸಿ ಉಳಿಸಬೇಕೆಂದಿದ್ದ ವಾರಗಳು ಹೀಗೂ ಉಳಿಯಬಹುದು.

ಕೀಮೋ ಬೇಕು ಅಂತ ಬಂದರೆ ಹೆರಿಗೆಗೆ ಹೋಗಲಾಗುವುದಿಲ್ಲ. ಕೀಮೋ ಆದ ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಇಳಿದಿರುತ್ತವೆ. ಜ್ವರ 38 ಡಿಗ್ರಿ ಮುಟ್ಟಿದರೆ ಆಸ್ಪತ್ರೆಗೆ ಓಡಬೇಕು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಅಂಥ ಸ್ಥಿತಿಯಲ್ಲಿ ಅಷ್ಟು ದೂರದ ವಿಮಾನ ಬೇಡ. ಆಗ ಫೋನಿನಲ್ಲೇ ಮಗುವಿನ ಅಳು ಕೇಳುತ್ತೇನೆ. ಅದಕ್ಕೂ ಮನಸ್ಸು ಸ್ವಲ್ಪ ಒಗ್ಗಿದೆ. ಪೂರ್ತಿ ಒಗ್ಗಿಲ್ಲ.

ವಿಮಾನ ಹತ್ತಿದರೆ ಕೈ ಊದುತ್ತೆ ಅಂತ ನಿನ್ನ ಅಕ್ಕ ಹೆದರಿಸಿದ್ದಾರೆ. ಅವರಿಗೆ ಹೇಳು: 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವಿಮಾನ ಪ್ರಯಾಣಕ್ಕೂ ಕೈ ಊತಕ್ಕೂ ನಂಟು ಕಾಣಲಿಲ್ಲ. ಡಾಕ್ಟರ್ ಜಾಸ್ತಿ ಹೇಳಿದ್ದು ಕಾಲಿನ ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ಕ್ಯಾನ್ಸರ್, ಆಪರೇಷನ್, ಟಮಾಕ್ಸಿಫೆನ್ ಅನ್ನುವ ಹಾರ್ಮೋನ್ ತಡೆಯುವ ಮಾತ್ರೆ, ಮೂರೂ ಆ ಅಪಾಯ ಹೆಚ್ಚಿಸುತ್ತವೆ. ಅದಕ್ಕೆ ಬಿಗಿ ಸ್ಟಾಕಿಂಗ್ಸ್, ಆಗಾಗ ಎದ್ದು ಓಡಾಡುವುದು, ಬೇಕಾದಷ್ಟು ನೀರು. ಸೀಟ್ ಬೆಲ್ಟ್ ಗಾಯಕ್ಕೆ ಉಜ್ಜದ ಹಾಗೆ ಒಂದು ಸಣ್ಣ ದಿಂಬು.

ಇನ್ನು ನಿನಗೆ ಕೆಲಸ. ಟಿಕೆಟ್ ತಾರೀಖು ಬದಲಾಯಿಸುವ ಜವಾಬ್ದಾರಿ ನಿನ್ನದು. ಅರ್ಧ ಗಂಟೆ ಕಾಯಿಸಿದರೂ ಸಿಟ್ಟಾಗದೆ ಮಾತಾಡುವವನು ನಮ್ಮ ಗುಂಪಿನಲ್ಲಿ ನೀನೊಬ್ಬನೇ. ಪದೇ ಪದೇ ಬದಲಾಯಿಸಬಹುದಾದ ಟಿಕೆಟ್ಟೇ ಇರಲಿ. ಬುಧವಾರ ಆಸ್ಪತ್ರೆಗೆ ಬಾ. ಹಣ್ಣು ಬೇಡ, ಧೈರ್ಯ ಹೇಳುವುದೂ ಬೇಡ, ಮೂರನೇ ಬೆಂಚಿನವರ ಸುದ್ದಿ ಇದ್ದರೆ ತಗೊಂಡು ಬಾ. ಹಳದಿ ಕೊಡೆಯ ವಿಷಯ ಮಾತ್ರ ಎತ್ತಬೇಡ. ಹೊಲಿಗೆ ಹಾಕಿರುತ್ತಾರೆ, ನಗಿಸಿದರೆ ನರ್ಸ್ ನಿನ್ನನ್ನೇ ಹೊರಗೆ ಕಳಿಸುತ್ತಾರೆ.

ಮತ್ತೆ, ಮಗುವಿಗೆ ಹೆಸರು ಹುಡುಕುತ್ತಿದ್ದಾರೆ. ನಿನ್ನ ಪಟ್ಟಿ ಕಳಿಸು, ಆದರೆ ಕ್ಯಾಪ್ಟನ್ ಅಂತ ಬರೆಯಬೇಡ. ಆ ಹೆಸರು ಆಗಲೇ ಒಬ್ಬರಿಗೆ ಕೊಟ್ಟಾಗಿದೆ.

ನಿನ್ನ,
ವೈಸ್ ಕ್ಯಾಪ್ಟನ್